10ಜಿ ಲಿಂಕಿಗೆ ಯಾವ ಎಸ್‌ಎಫ್‌ಪಿ ಮಾಡ್ಯೂಲ್? ಎಲ್‌ಆರ್ ಸಾಕೋ, 40 ಕಿ.ಮೀ.ದೇ ಬೇಕೋ?

ಪ್ಯಾಕೆಟ್‌ಪಯಣ
ಎಲ್ಲರಿಗೂ ನಮಸ್ಕಾರ. ನೆಟ್‌ವರ್ಕ್ ಜವಾಬ್ದಾರಿ ಈಚೆಗೆ ನನ್ನ ಪಾಲಿಗೆ ಬಂದಿದೆ. ಸರ್ವರ್ ಕೆಲಸ ರೂಢಿ ಇದೆ, ಫೈಬರ್ ಹೊಸದು. ಎರಡು ಕಟ್ಟಡಗಳ ನಡುವಿನ 1ಜಿ (ಸೆಕೆಂಡಿಗೆ 1 ಗಿಗಾಬಿಟ್) ಲಿಂಕನ್ನು 10ಜಿ ಮಾಡಬೇಕಾಗಿದೆ. ಫೈಬರ್ ಸುಮಾರು ಒಂದೂವರೆ ಕಿಲೋಮೀಟರ್ ಉದ್ದ, ದಾರಿಯಲ್ಲಿ ಒಂದು ಪ್ಯಾಚ್ ಪ್ಯಾನೆಲ್ (ಫೈಬರ್ ತುದಿಗಳನ್ನು ಜೋಡಿಸುವ ಹಲಗೆ) ಇದೆ. ಎರಡೂ ತುದಿಯ ಸ್ವಿಚ್‌ಗಳಲ್ಲಿ ಎಸ್‌ಎಫ್‌ಪಿ ಪ್ಲಸ್ ಪೋರ್ಟ್ (ವಿದ್ಯುತ್ ಸಂಕೇತವನ್ನು ಬೆಳಕಾಗಿಸುವ ಪುಟ್ಟ ಮಾಡ್ಯೂಲ್ ಸಿಕ್ಕಿಸುವ 10ಜಿ ಗೂಡು) ಖಾಲಿ ಇವೆ, ಆದರೆ ಸ್ವಿಚ್‌ಗಳು ಬೇರೆ ಬೇರೆ ಕಂಪನಿಯವು.

ಮಾಡ್ಯೂಲ್ ಮಾರುವವರು ಹೇಳುತ್ತಿರುವುದು ಇಷ್ಟು: "ಎಲ್‌ಆರ್ 10 ಕಿಲೋಮೀಟರಿನದು, ಇಆರ್ 40 ಕಿಲೋಮೀಟರಿನದು. ಇಆರ್ ತಗೊಳ್ಳಿ, ಸಿಗ್ನಲ್ ಗಟ್ಟಿ ಇರುತ್ತೆ." ಇದು ಸರಿಯಾ?

ಇನ್ನೆರಡು ಸಣ್ಣ ಪ್ರಶ್ನೆ. ಅದೇ ಕಟ್ಟಡದ ಮೇಲಿನ ಮಹಡಿಗೆ ಹಳೆಯ ಕಿತ್ತಳೆ ಬಣ್ಣದ ಕೇಬಲ್ ಹೋಗಿದೆ, 150 ಮೀಟರ್ ಇರಬಹುದು. ಅದರಲ್ಲಿ 10ಜಿ ಬರುತ್ತಾ? ಮತ್ತೆ ರ‍್ಯಾಕಿನೊಳಗೇ ಸರ್ವರಿನಿಂದ ಸ್ವಿಚ್ಚಿಗೆ ಎರಡು ಮೀಟರ್. ಅದಕ್ಕೂ ಒಂದು ಜೋಡಿ ಎಸ್‌ಆರ್ (ಕಡಿಮೆ ದೂರದ ಮಾಡ್ಯೂಲ್) ಕೊಳ್ಳಬೇಕಾ?

ಸ್ಪ್ಲೈಸ್‌ಕಟ್ಟೆ
ಇಆರ್ ಬೇಡ. ಮೊದಲು ಕೇಬಲ್ ಹೊರಕವಚದ ಮೇಲೆ ಏನು ಅಚ್ಚಾಗಿದೆ ನೋಡಿ ಹೇಳಿ. ಪ್ಯಾಚ್ ಕಾರ್ಡಿನ (ಪ್ಯಾನೆಲಿಗೂ ಸ್ವಿಚ್ಚಿಗೂ ನಡುವಿನ ಗಿಡ್ಡ ಕೇಬಲ್) ಬಣ್ಣ ಅಲ್ಲ, ಡಕ್ಟಿನೊಳಗಿಂದ ಬಂದಿರುವ ಕೇಬಲಿನ ಮೇಲಿನ ಅಕ್ಷರ.

ಡಕ್ಟ್‌ದಾರಿ
ಒಂದೂವರೆ ಕಿಲೋಮೀಟರಿಗೆ ಇಆರ್ ಯಾಕ ಬೇಕ್ರಿ? ಕಿವಿಗೆ ಮೈಕ್ ಹಚ್ಚಿ ಒದರಿದ್ಹಂಗ ಆಗ್ತದ. ಇಆರ್ ರಿಸೀವರ್ ತಡಕೊಳ್ಳೂದು ಹೆಚ್ಚಂದ್ರ −1 ಡಿಬಿಎಂ. ಅದರ ಲೇಸರ್ +4 ತನಕ ಬಿಡಬಹುದು. 1550 ನ್ಯಾನೊಮೀಟರಿನಾಗ ಫೈಬರ್ ನುಂಗೂದು ಕಿಲೋಮೀಟರಿಗೆ ಬರೇ ಕಾಲು ಡಿಬಿ. ಉಳಿದ ಬೆಳಕೆಲ್ಲಾ ಹೋಗಿ ರಿಸೀವರಿಗೆ ಬಡೀತದ. ಲಿಂಕ್ ಬಂದರೂ ಎರರ್ ಸುರುವಾಗ್ತಾವು. ಸಿಗ್ನಲ್ ಗಟ್ಟಿ ಅಂದಕೂಡ್ಲೆ ಚಲೋ ಅಂತ ತಿಳೀಬ್ಯಾಡ್ರಿ.

ರಾತ್ರಿಪಾಳಿ
ಅಟೆನ್ಯುಯೇಟರ್ (ಬೆಳಕು ಕುಗ್ಗಿಸುವ ಪುಟ್ಟ ಸಾಧನ) ಹಾಕಿದರೆ ಇಆರ್ ಕೂಡ ಚೆನ್ನಾಗೇ ನಡೆಯುತ್ತೆ. 5 ಡಿಬಿಯದು, 10 ಡಿಬಿಯದು ಸಿಗುತ್ತೆ, ರಿಸೀವ್ ಕಡೆ ಸಿಕ್ಕಿಸಿದರೆ ಮುಗೀತು. ಕೈಯಲ್ಲಿ ಇಆರ್ ಇದ್ದವರು ಎಸೆಯಬೇಕಿಲ್ಲ.

ಡಕ್ಟ್‌ದಾರಿ
ಕೈಯಾಗ ಇದ್ದವರ ಮಾತ ಬ್ಯಾರೆ ರೀ. ಇವರು ಹೊಸದಾಗಿ ಕೊಳ್ಳಾಕ ಹೊಂಟಾರ. ಹೆಚ್ಚಿನ ರೊಕ್ಕಾ ಕೊಟ್ಟು ಬೆಳಕ ತಂದು, ಮ್ಯಾಲೆ ಅದನ್ನ ಕೊಲ್ಲಾಕ ಇನ್ನೊಂದು ಸಾಮಾನ ತರೂದು ಯಾತಕ್ಕ? ನಾಳೆ ಯಾರೋ ಪ್ಯಾಚಿಂಗ್ ಮಾಡೂಮುಂದ ಆ ಅಟೆನ್ಯುಯೇಟರ್ ಕಿತ್ತು ಬದಿಗಿಟ್ರ ಮುಗದ ಹೋತು. ಝಡ್‌ಆರ್ ಅಂತೂ ಕೇಳಬ್ಯಾಡ್ರಿ, 80 ಕಿಲೋಮೀಟರಿನದು. ಅದರೊಳಗ ಎಪಿಡಿ ಅನ್ನೂ ಬಾಳ ಸೂಕ್ಷ್ಮ ರಿಸೀವರ್ ಇರ್ತದ, −7ಕ್ಕಿಂತ ಹೆಚ್ಚು ಬೆಳಕ ಬಿದ್ರ ಸಹಿಸೂದಿಲ್ಲ. ಗಿಡ್ಡ ಕೇಬಲ್‌ನಾಗ ನೇರ ಹಾಕಿದ್ರ ಕಾಯಂ ಕೆಡತದ.

ರಾತ್ರಿಪಾಳಿ
ಝಡ್‌ಆರ್ ವಿಷಯ ಒಪ್ಪಿದೆ. ಇಆರ್ ಬಗ್ಗೆ ನನ್ನ ಮಾತು ಹಾಗೇ ಇದೆ.

ಬೆಳಕಿಂಡಿ
ಪ್ಯಾಕೆಟ್‌ಪಯಣ ಅವರೇ, "10 ಕಿ.ಮೀ.", "40 ಕಿ.ಮೀ." ಅನ್ನುವ ಲೇಬಲನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಮಾಡ್ಯೂಲ್ ಆರಿಸುವಾಗ ಕೆಲಸಕ್ಕೆ ಬರುವುದು ಎರಡು ಸಂಖ್ಯೆ: ಕಳಿಸುವ ಬೆಳಕು ಕನಿಷ್ಠ ಎಷ್ಟು, ಪಡೆಯುವ ಬೆಳಕು ಕನಿಷ್ಠ ಎಷ್ಟು ಬೇಕು. ಎಲ್‌ಆರ್‌ಗೆ ಕಳಿಸುವ ಕನಿಷ್ಠ −8.2 ಡಿಬಿಎಂ, ಪಡೆಯಬೇಕಾದ ಕನಿಷ್ಠ −14.4 ಡಿಬಿಎಂ. ನಡುವಿನ ವ್ಯತ್ಯಾಸ 6.2 ಡಿಬಿ. ದಾರಿಯಲ್ಲಿ ನೀವು ಕಳೆದುಕೊಳ್ಳಬಹುದಾದದ್ದು ಅಷ್ಟು. ಲೇಸರ್ ತೀರಾ ಮಂಕಾಗಿದ್ದರೂ ನಡೆಯಬೇಕು ಅನ್ನುವ ಲೆಕ್ಕ ಇದು.

ಈಗ ನಿಮ್ಮ ದಾರಿ. ಎಲ್‌ಆರ್ ಬಳಸುವ 1310 ನ್ಯಾನೊಮೀಟರಿನಲ್ಲಿ ಸಿಂಗಲ್ ಮೋಡ್ ಫೈಬರ್ (ನಡುಭಾಗ ಕಿರಿದಾಗಿ, ಬೆಳಕಿಗೆ ಒಂದೇ ಹಾದಿ ಇರುವಂಥದು) ಕಿಲೋಮೀಟರಿಗೆ 0.35 ಡಿಬಿ ಕಳೆಯುತ್ತದೆ. ಧಾರಾಳವಾಗಿ 0.4 ಅಂತಲೇ ಹಿಡಿಯಿರಿ, ಒಂದೂವರೆಗೆ 0.6. ಆ ತುದಿ ಪ್ಯಾನೆಲ್, ಈ ತುದಿ ಪ್ಯಾನೆಲ್, ನಡುವಿನ ಪ್ಯಾನೆಲ್‌ನಲ್ಲಿ ಎರಡು: ಒಟ್ಟು ನಾಲ್ಕು ಕನೆಕ್ಟರ್ ಜೋಡಣೆ, ಒಂದೊಂದಕ್ಕೆ 0.5ರಂತೆ 2 ಡಿಬಿ. ಪಿಗ್‌ಟೇಲ್ ಸ್ಪ್ಲೈಸ್ (ಕನೆಕ್ಟರಿರುವ ಗಿಡ್ಡ ಎಳೆಯನ್ನು ಕೇಬಲಿಗೆ ಬೆಸೆದ ಜಾಗ) ನಾಲ್ಕು, ತಲಾ 0.1. ಕೂಡಿಸಿದರೆ 3 ಡಿಬಿ. ಎಲ್‌ಆರ್ ಆರಾಮಾಗಿ ಸಾಕು, ಕೈಯಲ್ಲಿ ಇನ್ನೂ 3 ಡಿಬಿ ಉಳಿಯುತ್ತದೆ.

ಒಂದು ವಿಷಯ ಗಮನಿಸಿ: ಇಲ್ಲಿ ಫೈಬರಿನ ಉದ್ದಕ್ಕಿಂತ ಕನೆಕ್ಟರ್‌ಗಳೇ ಮೂರು ಪಟ್ಟು ಹೆಚ್ಚು ತಿನ್ನುತ್ತಿವೆ. ಸಣ್ಣ ದೂರದ ಲಿಂಕ್‌ಗಳಲ್ಲಿ ಕಥೆ ಯಾವಾಗಲೂ ಹೀಗೇ. ಆದ್ದರಿಂದ 40 ಕಿಲೋಮೀಟರಿನ ಮಾಡ್ಯೂಲಿಗೆ ಹಾಕುವ ಹಣವನ್ನು ಒಳ್ಳೆಯ ಕ್ಲೀನರಿಗೆ ಹಾಕಿ ಅಂತ ನನ್ನ ಸಲಹೆ.

ಇವೆಲ್ಲ ಆ ಕೇಬಲ್ ಸಿಂಗಲ್ ಮೋಡ್ ಆಗಿದ್ದರೆ ಮಾತ್ರ. ಸ್ಪ್ಲೈಸ್‌ಕಟ್ಟೆ ಕೇಳಿದ್ದಕ್ಕೆ ಮೊದಲು ಉತ್ತರ ತನ್ನಿ.

ಮೂಡಣಗಾಳಿ
ಡಿಬಿ ಬೇರೆ, ಡಿಬಿಎಂ ಬೇರೆ ಅಂತ ಹೊಸಬರಿಗೆ ಒಂದು ಸಾಲು ಬರೆದಿದ್ದರೆ ಚೆನ್ನಾಗಿತ್ತು.

ಬೆಳಕಿಂಡಿ
ಡಿಬಿಎಂ ಅಂದರೆ ಇಷ್ಟು ಬೆಳಕು ಇದೆ ಅಂತ. 0 ಡಿಬಿಎಂ ಅಂದರೆ 1 ಮಿಲಿವ್ಯಾಟ್, −3 ಅಂದರೆ ಹೆಚ್ಚುಕಡಿಮೆ ಅದರ ಅರ್ಧ, −10 ಅಂದರೆ ಹತ್ತನೇ ಒಂದು ಭಾಗ. ಡಿಬಿ ಅಂದರೆ ಎಷ್ಟು ಕಮ್ಮಿಯಾಯಿತು ಅನ್ನುವುದು. ಸ್ವಿಚ್ −40 ತೋರಿಸಿದರೆ ಬೆಳಕೇ ಬರುತ್ತಿಲ್ಲ ಅಂತ ಓದಿಕೊಳ್ಳಿ.

ಎಡ್ಜ್‌ಸ್ವಿಚ್
ಬೇರೆ ಬೇರೆ ಕಂಪನಿಯ ಸ್ವಿಚ್ ಅಂದಿರಿ, ಅದರ ಬಗ್ಗೆ ಯಾರೂ ಮಾತಾಡಿಲ್ಲ. ಎರಡೂ ತುದಿಗೆ ಒಂದೇ ಬ್ರ್ಯಾಂಡಿನ ಮಾಡ್ಯೂಲ್ ಬೇಕು ಅಂತ ಕೆಲವರು ಹೆದರಿಸುತ್ತಾರೆ, ನಂಬಬೇಡಿ. ಬೆಳಕಿಗೆ ಬ್ರ್ಯಾಂಡ್ ಇಲ್ಲ. ಎರಡೂ ಕಡೆ 10ಜಿ ಎಲ್‌ಆರ್ ಇರಬೇಕು, ಅಷ್ಟೇ. ಆದರೆ ಆಯಾ ಮಾಡ್ಯೂಲ್ ಆಯಾ ಸ್ವಿಚ್ಚಿಗೆ ಒಪ್ಪಿಗೆ ಆಗಬೇಕು. ಮಾಡ್ಯೂಲಿನೊಳಗೆ ಒಂದು ಪುಟ್ಟ ಇಇಪ್ರಾಮ್ (ನೆನಪಿನ ಚಿಪ್) ಇರುತ್ತದೆ, ಅದರಲ್ಲಿ ತಯಾರಕರ ಹೆಸರು, ಪಾರ್ಟ್ ನಂಬರ್, ಸೀರಿಯಲ್ ನಂಬರ್, ತರಂಗಾಂತರ ಎಲ್ಲ ಬರೆದಿರುತ್ತಾರೆ. ಕೆಲವು ಸ್ವಿಚ್‌ಗಳು ಆ ಹೆಸರು ತಮ್ಮದಲ್ಲ ಅಂತ ಕಂಡರೆ ಪೋರ್ಟನ್ನೇ ಮುಚ್ಚಿಬಿಡುತ್ತವೆ.

ಕಮಾಂಡ್‌ಲೈನ್
ಸಿಸ್ಕೊದಲ್ಲಿ "ಸರ್ವಿಸ್ ಅನ್‌ಸಪೋರ್ಟೆಡ್ ಟ್ರಾನ್ಸೀವರ್" ಅಂತ ಒಂದು ಕಮಾಂಡ್ ಇದೆ, ಸಹಾಯ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಅದನ್ನು ಕೊಟ್ಟರೆ ಎಚ್ಚರಿಕೆ ತೋರಿಸಿ ಮುಂದೆ ಬಿಡುತ್ತದೆ. ಲಿನಕ್ಸಿನಲ್ಲಿ ಇಂಟೆಲ್‌ನ ಹಳೆಯ 10ಜಿ ಕಾರ್ಡುಗಳ ಡ್ರೈವರಿಗೂ ಇಂಥದೇ ಒಂದು ಪ್ಯಾರಾಮೀಟರ್ ಇದೆ.

ಹಳೇಬೇರು
ಆ ಕಮಾಂಡನ್ನು ಮುಖ್ಯ ಲಿಂಕಿಗೆ ಬಳಸಬೇಡಿ ಅಂತ ನನ್ನ ಬಲವಾದ ಅಭಿಪ್ರಾಯ. ಸಾಫ್ಟ್‌ವೇರ್ ಅಪ್‌ಗ್ರೇಡ್ ಆದ ರಾತ್ರಿ ಪೋರ್ಟ್ ಏಳದಿದ್ದರೆ ಯಾರನ್ನು ಕೇಳುತ್ತೀರಿ? ಸಪೋರ್ಟಿಗೆ ಫೋನ್ ಮಾಡಿದರೆ "ನಮ್ಮ ಮಾಡ್ಯೂಲ್ ಹಾಕಿ ತೋರಿಸಿ" ಅಂತಾರೆ. ಕೋರ್ ಸ್ವಿಚ್ಚಿಗೆ ಕಂಪನಿಯದೇ ಹಾಕಿ.

ಎಡ್ಜ್‌ಸ್ವಿಚ್
ಅಣ್ಣಾ, ಅದಕ್ಕೇ ಕೋಡ್ ಮಾಡಿದ ಮಾಡ್ಯೂಲ್ ಸಿಗೋದು. ಯಾವ ಸ್ವಿಚ್ ಮಾದರಿ ಅಂತ ಹೇಳಿದರೆ ಅದಕ್ಕೆ ಸರಿಯಾಗಿ ಇಇಪ್ರಾಮ್ ಬರೆದು ಕಳಿಸುತ್ತಾರೆ. ಕಮಾಂಡ್ ಬೇಕಾಗುವುದಿಲ್ಲ. ಬ್ರ್ಯಾಂಡ್ ಕಂಪನಿಗಳೂ ಲೇಸರನ್ನು ಬಹುಪಾಲು ಹೊರಗಿನ ತಯಾರಕರಿಂದಲೇ ತರಿಸಿ ಲೇಬಲ್ ಹಚ್ಚುತ್ತವೆ.

ಹಳೇಬೇರು
ತರಿಸುತ್ತವೆ ನಿಜ, ಆದರೆ ತಮ್ಮ ಸ್ವಿಚ್ಚಿನಲ್ಲಿ ಬಿಸಿಯಲ್ಲಿ, ಚಳಿಯಲ್ಲಿ ಪರೀಕ್ಷೆ ಮಾಡಿ ಬಿಡುತ್ತವೆ. ಅದಕ್ಕೂ ಬೆಲೆ ಇದೆ.

ಎಡ್ಜ್‌ಸ್ವಿಚ್
ಆ ಬೆಲೆಗೆ ಕೋಡ್ ಮಾಡಿದವು ಹಲವು ಬರುತ್ತವೆ. ಎರಡು ಹೆಚ್ಚುವರಿ ತಂದು ಕಪಾಟಿನಲ್ಲಿ ಇಟ್ಟರೆ ಸಪೋರ್ಟಿನವರ ದಾರಿ ಕಾಯುವ ಗೋಜಿಲ್ಲ.

ಮೂಡಣಗಾಳಿ
ಇಬ್ಬರೂ ಸರಿ, ಇಬ್ಬರೂ ನಿಲ್ಲಿಸಿ. ದೂರು ಬರೆಸುವಾಗ ತೋರಿಸಲು ಕಂಪನಿಯದೊಂದು ಜೋಡಿ ಇಟ್ಟುಕೊಂಡು ಉಳಿದದ್ದೆಲ್ಲ ಕೋಡ್ ಮಾಡಿದ್ದು ಹಾಕುವವರು ಬೇಕಾದಷ್ಟು ಜನ ಇದ್ದಾರೆ.

ಪ್ಯಾಕೆಟ್‌ಪಯಣ
ನೋಡಿ ಬಂದೆ. ಕಟ್ಟಡಗಳ ನಡುವಿನ ಕೇಬಲ್ ಕಪ್ಪು ಬಣ್ಣದ್ದು. ಮೇಲೆ "9/125" ಮತ್ತು "ಜಿ.652.ಡಿ" ಅಂತ ಇದೆ, 12 ಕೋರ್ (ಒಳಗೆ 12 ಫೈಬರ್ ಎಳೆ). ಮೇಲಿನ ಮಹಡಿಗೆ ಹೋಗುವ ಕಿತ್ತಳೆ ಕೇಬಲ್ ಮೇಲೆ "62.5/125" ಅಂತಿದೆ. ವಿಚಿತ್ರ ಅಂದರೆ ಆ ಕಿತ್ತಳೆ ಕೇಬಲಿನ ಪ್ಯಾನೆಲ್‌ಗೆ ಹಳದಿ ಪ್ಯಾಚ್ ಕಾರ್ಡ್ ಸಿಕ್ಕಿಸಿದ್ದಾರೆ.

ಸ್ಪ್ಲೈಸ್‌ಕಟ್ಟೆ
ಅದಕ್ಕೇ ನಾನು ಪ್ಯಾಚ್ ಕಾರ್ಡ್ ನೋಡಬೇಡಿ ಅಂದದ್ದು. ಕಪ್ಪು ಕೇಬಲ್ ಅಪ್ಪಟ ಸಿಂಗಲ್ ಮೋಡ್, ಎಲ್‌ಆರ್ ತರಿಸಿ. ಕಿತ್ತಳೆಯದು ಓಎಂ1, ಅಂದರೆ ನಡುಭಾಗ ಅಗಲವಾಗಿರುವ ಹಳೆಯ ಬಗೆಯ ಮಲ್ಟಿಮೋಡ್ ಫೈಬರ್. ಹಳದಿ ಅಂದರೆ ಸಿಂಗಲ್ ಮೋಡ್, ಆ ಪ್ಯಾಚ್ ಕಾರ್ಡನ್ನು ಮೊದಲು ತೆಗೆಯಿರಿ: 62.5 ಮೈಕ್ರಾನ್ ಕೋರಿನಿಂದ (ಇಲ್ಲಿ ಕೋರ್ ಅಂದರೆ ಎಳೆಯೊಳಗೆ ಬೆಳಕು ಹರಿಯುವ ನಡುಭಾಗ) 9 ಮೈಕ್ರಾನ್ ಕೋರಿಗೆ ಬೆಳಕು ಹೋಗುವ ಕಡೆ ಬಹುಪಾಲು ಹೊರಗೇ ಚೆಲ್ಲಿಹೋಗುತ್ತದೆ.

ಮೂಡಣಗಾಳಿ
ಓಎಂ1ರಲ್ಲಿ 10ಜಿ ಎಸ್‌ಆರ್ ಬರೋದು 33 ಮೀಟರ್. 150 ಮರೆತುಬಿಡಿ.

ರಾತ್ರಿಪಾಳಿ
ಮರೆಯಬೇಕಿಲ್ಲ. ಎಲ್‌ಆರ್‌ಎಂ ಅಂತ ಇದೆ. 1310 ನ್ಯಾನೊಮೀಟರ್, ಹಳೆಯ ಮಲ್ಟಿಮೋಡ್‌ಗೆಂದೇ 2006ರಲ್ಲಿ ಬಂದ ಮಾನದಂಡ, ಓಎಂ1ರಲ್ಲೂ 220 ಮೀಟರ್ ಕೊಡುತ್ತದೆ.

ಬೆಳಕಿಂಡಿ
ಎಲ್‌ಆರ್‌ಎಂ ಹೇಳುವಾಗ ಒಂದು ಮುಖ್ಯ ಸಂಗತಿ ಬಿಡಬಾರದು. ಓಎಂ1ರ ತೊಂದರೆ ಬೆಳಕು ಕಮ್ಮಿಯಾಗುವುದಲ್ಲ, ಬೆಳಕು ಹರಡಿಕೊಳ್ಳುವುದು. ಎಲ್‌ಇಡಿ ಕಾಲದಲ್ಲಿ ವಿನ್ಯಾಸ ಮಾಡಿದ ಫೈಬರ್ ಅದು. ಅಗಲ ಕೋರಿನೊಳಗೆ ಬೆಳಕು ನೂರಾರು ಹಾದಿ ಹಿಡಿದು ಬೇರೆ ಬೇರೆ ಹೊತ್ತಿಗೆ ತಲುಪುತ್ತದೆ, ಒಂದು ಬಿಟ್ ಪಕ್ಕದ ಬಿಟ್ಟಿನ ಮೇಲೆ ಬೀಳುತ್ತದೆ. ಎಲ್‌ಆರ್‌ಎಂ ಈ ಕಲಸುಮೇಲೋಗರವನ್ನು ಬಿಡಿಸಲು ಸ್ವಿಚ್ಚಿನ ಪೋರ್ಟಿನಲ್ಲಿರುವ ಇಡಿಸಿ ಚಿಪ್ಪನ್ನು ನೆಚ್ಚಿಕೊಂಡಿದೆ. ಆ ಚಿಪ್ ಇಲ್ಲದ ಸ್ವಿಚ್ಚಿನಲ್ಲಿ ಎಲ್‌ಆರ್‌ಎಂ ಹಾಕಿದರೆ ರಿಸೀವ್ ಪವರ್ ಚೆನ್ನಾಗಿ ಕಾಣುತ್ತದೆ, ಪ್ಯಾಕೆಟ್ ಮಾತ್ರ ಹಾಳಾಗುತ್ತಿರುತ್ತವೆ. ಈಚಿನ ಎಷ್ಟೋ ಸ್ವಿಚ್‌ಗಳಲ್ಲಿ ಆ ಬೆಂಬಲ ಇಲ್ಲ. ಡೇಟಾಶೀಟಿನಲ್ಲಿ ಎಲ್‌ಆರ್‌ಎಂ ಹೆಸರು ಇದೆಯಾ ಅಂತ ನೋಡದೆ ಆರ್ಡರ್ ಮಾಡಬೇಡಿ.

ಸ್ಪ್ಲೈಸ್‌ಕಟ್ಟೆ
ನನ್ನ ಮಾತು ಕೇಳುವುದಾದರೆ ಆ ಮಹಡಿಗೆ ಹೊಸ ಸಿಂಗಲ್ ಮೋಡ್ ಎಳೆಸಿ. ಕಟ್ಟಡದೊಳಗಿನ 150 ಮೀಟರ್ ಏನು ಮಹಾ. ಅಲ್ಲಿಯವರೆಗೆ 1ಜಿ ಎಸ್‌ಎಕ್ಸ್ (ಮಲ್ಟಿಮೋಡಿನ 1ಜಿ ಮಾಡ್ಯೂಲ್) ಇರಲಿ, ಓಎಂ1ರಲ್ಲಿ 220 ಮೀಟರ್‌ವರೆಗೆ ಅದು ಸಲೀಸು. ಬೇಕಾದರೆ ಎರಡು ಮೂರು 1ಜಿ ಲಿಂಕ್ ಒಟ್ಟು ಕಟ್ಟಿಕೊಳ್ಳಿ.

ಹಳೇಬೇರು
ಎಳೆಸುವಾಗ ಓಎಂ4 (ಹೊಸ ಬಗೆಯ ಮಲ್ಟಿಮೋಡ್) ಎಳೆಸಿದರೆ ಎಸ್‌ಆರ್ ಅಗ್ಗಕ್ಕೆ ಬರುತ್ತಲ್ಲ? 400 ಮೀಟರ್ ಓಡುತ್ತದೆ.

ಸ್ಪ್ಲೈಸ್‌ಕಟ್ಟೆ
10ಜಿಯಲ್ಲಿ ಎಸ್‌ಆರ್‌ಗೂ ಎಲ್‌ಆರ್‌ಗೂ ಈಗ ಬೆಲೆಯ ಅಂತರ ಕಿರಿದಾಗಿದೆ. 100ಜಿ ಎಸ್‌ಆರ್4 ಅದೇ ಓಎಂ4ರಲ್ಲಿ 100 ಮೀಟರಿಗೆ ನಿಂತುಬಿಡುತ್ತದೆ, ಅದಕ್ಕೂ ಎಂಟು ಕೋರ್ ಬೇಕು. ಮಾಡ್ಯೂಲ್ ಬದಲಾಗುತ್ತಿರುತ್ತದೆ ಅಣ್ಣ, ಗೋಡೆಯೊಳಗಿನ ಫೈಬರ್ ಅಲ್ಲೇ ಇರುತ್ತದೆ. ಸಿಂಗಲ್ ಮೋಡ್ ಹಾಕಿದವರು ಯಾರೂ ಮತ್ತೆ ಗೋಡೆ ಕೊರೆದದ್ದು ನಾನು ನೋಡಿಲ್ಲ.

ಹಳೇಬೇರು
ಅದೂ ನಿಜವೇ. ರ‍್ಯಾಕ್ ಸಾಲುಗಳ ನಡುವೆ ಮಾತ್ರ ನನಗೆ ಮಲ್ಟಿಮೋಡ್ ಇಷ್ಟ.

ಕಮಾಂಡ್‌ಲೈನ್
ಮೂರನೇ ಪ್ರಶ್ನೆ ಹಾಗೇ ಉಳಿದಿದೆ. ಎರಡು ಮೀಟರಿಗೆ ಡಾಕ್ ಕೇಬಲ್ ತಗೊಳ್ಳಿ. ಎರಡೂ ತುದಿಗೆ ಎಸ್‌ಎಫ್‌ಪಿ ಪ್ಲಸ್ ತಲೆ ಕೂಡಿಸಿದ ತಾಮ್ರದ ಕೇಬಲ್ ಅದು, ಲೇಸರ್ ಇಲ್ಲ, ವಿದ್ಯುತ್ ಬಹಳ ಕಮ್ಮಿ ತಿನ್ನುತ್ತೆ, ಕ್ಲೀನ್ ಮಾಡುವ ರಗಳೆ ಇಲ್ಲ. 5 ಮೀಟರ್‌ವರೆಗೆ ಕಣ್ಣು ಮುಚ್ಚಿ ಬಳಸಬಹುದು. ಒಂದೇ ಕಿರಿಕಿರಿ: ಒಂದು ತುದಿ ಸರ್ವರ್ ಕಾರ್ಡಿಗೆ, ಇನ್ನೊಂದು ತುದಿ ಸ್ವಿಚ್ಚಿಗೆ ಕೋಡ್ ಆಗಿರಬೇಕು. ಆರ್ಡರ್ ಮಾಡುವಾಗ ಎರಡೂ ತುದಿಯ ಉಪಕರಣ ಹೇಳಿ.

ಜೋಡಿನೂಲು
10ಜಿ ಆರ್‌ಜೆ45 ಎಸ್‌ಎಫ್‌ಪಿ ಹಾಕಿದರೆ ಆಗಲ್ವಾ? ಸಾಮಾನ್ಯ ನೆಟ್‌ವರ್ಕ್ ಕೇಬಲ್ ಮನೇಲಿ ಬೇಕಾದಷ್ಟಿದೆ.

ರಾತ್ರಿಪಾಳಿ
ಆಗುತ್ತೆ, ಆದರೆ ಮುಟ್ಟಿ ನೋಡಿ, ಕೈ ಸುಡುತ್ತೆ. ಎರಡೂವರೆ ವ್ಯಾಟ್ ಸುಮಾರಿಗೆ ತಿನ್ನುತ್ತೆ. ಎಸ್‌ಎಫ್‌ಪಿ ಪ್ಲಸ್ ಗೂಡು ಒಂದು, ಒಂದೂವರೆ ವ್ಯಾಟಿಗೆ ಮಾಡಿದ್ದು. ಅಕ್ಕಪಕ್ಕ ನಾಲ್ಕು ಹಾಕಿದರೆ ಪೋರ್ಟ್ ಬೀಳೋದು ಏಳೋದು ಶುರು. ದೂರವೂ ಬಹುತೇಕ ಮಾಡ್ಯೂಲ್‌ಗಳಲ್ಲಿ 30 ಮೀಟರ್ ಅಷ್ಟೇ.

ಜೋಡಿನೂಲು
ಓ, ಹಾಗಾದ್ರೆ ಬೇಡ. ಕಟ್ಟಡದಿಂದ ಕಟ್ಟಡಕ್ಕೂ ತಾಮ್ರ ಎಳೆಯೋ ಜನ ಇದ್ದಾರೆ, ಗೊತ್ತಾ?

ಡಕ್ಟ್‌ದಾರಿ
ಅದು ಮಾಡಲೇಬಾರದ ಕೆಲಸ ನೋಡ್ರಿ. ಎರಡು ಕಟ್ಟಡದ ಅರ್ಥಿಂಗ್ ಬ್ಯಾರೆ ಬ್ಯಾರೆ ಇರ್ತದ, ಸಿಡಿಲ ಹೊಡದ್ರ ಎರಡೂ ಕಡೆ ಸ್ವಿಚ್ ಹೋಗ್ತಾವು. ಫೈಬರ್ ಗಾಜು, ಕರೆಂಟ್ ದಾಟೂದಿಲ್ಲ. ಕೇಬಲಿನಾಗ ಉಕ್ಕಿನ ಕವಚ ಇದ್ರ ಅದನ್ನ ಅರ್ಥ್ ಮಾಡೂದು ಮಾತ್ರ ಮರೀಬ್ಯಾಡ್ರಿ.

ಮೂಡಣಗಾಳಿ
ಸ್ವಲ್ಪ ವಿಷಯಾಂತರ. ಮಾಡ್ಯೂಲಿಂದ ಬೆಳಕು ಬರ್ತಿದೆಯಾ ಅಂತ ಫೋನಿನ ಕ್ಯಾಮೆರಾದಲ್ಲಿ ನೋಡಬಹುದು ಅಂತ ಕೇಳಿದ್ದೆ. ನಿಜಾನಾ?

ಬೆಳಕಿಂಡಿ
ಅರ್ಧ ನಿಜ, ಅರ್ಧ ಅಪಾಯ. ಎಸ್‌ಆರ್, ಎಸ್‌ಎಕ್ಸ್ 850 ನ್ಯಾನೊಮೀಟರಿನವು, ಕೆಲವು ಫೋನ್‌ಗಳಲ್ಲಿ ನಸುನೇರಳೆ ಚುಕ್ಕೆಯಾಗಿ ಕಾಣುತ್ತದೆ. 1310, 1550 ಯಾವ ಫೋನಿನಲ್ಲೂ ಕಾಣುವುದಿಲ್ಲ, ಸಿಲಿಕಾನ್ ಸೆನ್ಸರ್ ಅಷ್ಟು ಉದ್ದದ ತರಂಗವನ್ನು ಹಿಡಿಯುವುದೇ ಇಲ್ಲ. "ಕ್ಯಾಮೆರಾದಲ್ಲಿ ಕಾಣಲಿಲ್ಲ, ಫೈಬರ್ ಸತ್ತಿದೆ" ಅಂದುಕೊಂಡು ಕಣ್ಣು ಹಚ್ಚಿ ನೋಡುವವರಿದ್ದಾರೆ. ದಯವಿಟ್ಟು ಬೇಡ. ಪವರ್ ಮೀಟರ್ ಬಳಸಿ. ಕಣ್ಣಿಗೆ ಕಾಣುವುದೇ ಬೇಕಿದ್ದರೆ 650 ನ್ಯಾನೊಮೀಟರಿನ ಕೆಂಪು ಬೆಳಕಿನ ವಿಎಫ್‌ಎಲ್ ಪೆನ್ನು ಸಿಗುತ್ತದೆ, ಯಾವ ಕೋರ್ ಎಲ್ಲಿಗೆ ಹೋಗಿದೆ ಅಂತ ಹುಡುಕಲು ಚೆನ್ನಾಗಿದೆ. ಅದನ್ನೂ ನೇರ ನೋಡಬಾರದು.

ಪ್ಯಾಕೆಟ್‌ಪಯಣ
ಎಲ್‌ಆರ್ ಬಂತು, ಎರಡೂ ಸ್ವಿಚ್ಚಿಗೆ ಅದದಕ್ಕೆ ಕೋಡ್ ಮಾಡಿದ್ದು. ಎರಡೂ ಸ್ವಿಚ್ ಒಪ್ಪಿಕೊಂಡಿವೆ, ಲಿಂಕ್ ಬಂದಿದೆ. ಆದರೆ ನಮ್ಮ ತುದಿಯಲ್ಲಿ ಸಿಆರ್‌ಸಿ ಎರರ್ (ಹಾಳಾಗಿ ಬಂದ ಪ್ಯಾಕೆಟ್‌ಗಳ ಲೆಕ್ಕ) ಏರುತ್ತಿವೆ, ಆಗಾಗ ಲಿಂಕ್ ಬೀಳುತ್ತದೆ. ಅಂಕಿ ಇಲ್ಲಿವೆ:

ನಮ್ಮ ತುದಿ: ಕಳಿಸುವುದು −2.6, ಪಡೆಯುವುದು −15.9
ಆ ತುದಿ: ಕಳಿಸುವುದು −2.4, ಪಡೆಯುವುದು −5.6

ಮಾಡ್ಯೂಲ್ ಕೆಟ್ಟಿದೆಯಾ? ವಾಪಸ್ ಕಳಿಸಲಾ?

ಕಮಾಂಡ್‌ಲೈನ್
ಕಳಿಸಬೇಡಿ. ಆ ತುದಿ −2.4 ಬಿಡುತ್ತಿದೆ, ನಿಮಗೆ −15.9 ತಲುಪುತ್ತಿದೆ. ದಾರಿಯಲ್ಲಿ 13.5 ಡಿಬಿ ಹೋಯಿತು. ಪಕ್ಕದ ಕೋರಿನಲ್ಲಿ 3 ಡಿಬಿ ಮಾತ್ರ, ಬೆಳಕಿಂಡಿ ಹಾಕಿದ ಲೆಕ್ಕಕ್ಕೆ ಸರಿಯಾಗಿ. ಹಾಗಾಗಿ ತೊಂದರೆ ಒಂದು ಕೋರಿನ ದಾರಿಯಲ್ಲಿದೆ.

ಬೆಳಕಿಂಡಿ
ಖಚಿತ ಮಾಡಿಕೊಳ್ಳಬೇಕಾದರೆ ಎರಡೂ ತುದಿಯಲ್ಲಿ ಪ್ಯಾಚ್ ಕಾರ್ಡಿನ ಎರಡು ಎಳೆಗಳನ್ನು ಅದಲುಬದಲು ಮಾಡಿ. ಕೆಟ್ಟ ಅಂಕಿ ಆ ತುದಿಗೆ ಹಾರಿದರೆ ಫೈಬರ್ ತಪ್ಪು, ನಿಮ್ಮಲ್ಲೇ ಉಳಿದರೆ ಮಾಡ್ಯೂಲ್ ತಪ್ಪು. ನಡುವಿನ ಪ್ಯಾನೆಲ್‌ನಲ್ಲಿ ಕನೆಕ್ಟರಿನ ಬಣ್ಣ ನೋಡಿದ್ದೀರಾ?

ಮೂಡಣಗಾಳಿ
ಮಾಡ್ಯೂಲ್ ತೋರಿಸೋ ಅಂಕಿಯನ್ನು ಅಷ್ಟು ನಂಬಬಹುದಾ? ಮಾಡ್ಯೂಲಿನ ಈ ಡಿಡಿಎಂ ಅಳತೆಗೆ ಮಾನದಂಡವೇ ಪ್ಲಸ್ ಅಥವಾ ಮೈನಸ್ 3 ಡಿಬಿ ಸಡಿಲ ಕೊಟ್ಟಿದೆಯಲ್ಲ.

ಕಮಾಂಡ್‌ಲೈನ್
ಕೊಟ್ಟಿದೆ. ಅದಕ್ಕೇ 5.6ಕ್ಕೂ 6.1ಕ್ಕೂ ಜಗಳ ಆಡಬಾರದು. ಆದರೆ 10 ಡಿಬಿ ವ್ಯತ್ಯಾಸ ಮೀಟರಿನ ಸಡಿಲದಿಂದ ಬರುವುದಿಲ್ಲ. ಡಿಡಿಎಂನ ನಿಜವಾದ ಉಪಯೋಗ ಅಂದರೆ ಎರಡು ಕೋರುಗಳನ್ನು ಹೋಲಿಸುವುದು, ಮತ್ತೆ ಅದೇ ಕೋರಿನ ಇವತ್ತಿನ ಅಂಕಿಯನ್ನು ಹಿಂದಿನ ಅಂಕಿಯೊಂದಿಗೆ ಹೋಲಿಸುವುದು. ಲಿಂಕ್ ಚೆನ್ನಾಗಿದ್ದ ದಿನದ ಅಂಕಿ ಬರೆದಿಟ್ಟುಕೊಳ್ಳದವರಿಗೆ ಕೆಟ್ಟ ದಿನ ಏನೂ ತಿಳಿಯುವುದಿಲ್ಲ.

ಪ್ಯಾಕೆಟ್‌ಪಯಣ
ಅದಲುಬದಲು ಮಾಡಿದೆ, ಕೆಟ್ಟ ಅಂಕಿ ಆ ತುದಿಗೆ ಹೋಯಿತು. ನಡುವಿನ ಪ್ಯಾನೆಲ್ ತೆರೆದು ನೋಡಿದೆ. ಎಲ್ಲ ಅಡಾಪ್ಟರುಗಳೂ ನೀಲಿ. ನಮ್ಮ ಎರಡು ಕೋರ್ ದಾಟಿಸುವಲ್ಲಿ ಎರಡು ಬಿಡಿ ಜಂಪರ್ (ಗಿಡ್ಡ ಜೋಡಣೆ ಕೇಬಲ್) ಇವೆ: ಒಂದರ ತುದಿಗಳು ನೀಲಿ, ಇನ್ನೊಂದರ ತುದಿಗಳು ಹಸಿರು. ಇದಕ್ಕೇನಾದರೂ ಅರ್ಥ ಇದೆಯಾ?

ಸ್ಪ್ಲೈಸ್‌ಕಟ್ಟೆ
ಸಿಕ್ಕಿತು ಕಳ್ಳ! ಹಸಿರು ಅಂದರೆ ಎಪಿಸಿ, ಫೆರೂಲಿನ (ಕನೆಕ್ಟರ್ ತುದಿಯಲ್ಲಿ ಫೈಬರ್ ಹಿಡಿದಿರುವ ಕೊಳವೆ) ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ನೀಲಿ ಯುಪಿಸಿ, ಮುಖ ನೇರ. ಓರೆ ಮುಖಕ್ಕೆ ನೇರ ಮುಖ ಒತ್ತಿದರೆ ನಡುವೆ ಗಾಳಿಯ ಸಂದು ಉಳಿಯುತ್ತದೆ, ಬೆಳಕು ಅಲ್ಲೇ ಚೆದುರಿಹೋಗುತ್ತದೆ. ನಿಮ್ಮಲ್ಲಿ ಎರಡೂ ತುದಿ ಹಸಿರು, ಅಂದರೆ ಎರಡು ಸಲ ಹೊಡೆತ. ಅಡಾಪ್ಟರಿಗೆ ಎರಡೂ ಸಲೀಸಾಗಿ ಕೂರುವುದರಿಂದ ಹಾಕಿದವರಿಗೆ ಗೊತ್ತೇ ಆಗುವುದಿಲ್ಲ. ನೀಲಿ ತುದಿಯ ಜಂಪರ್ ಹಾಕಿ.

ಡಕ್ಟ್‌ದಾರಿ
ಹಾಕೂಕಿಂತ ಮದಲ ಒರಸ್ರಿ. ಹೊಸಾ ಜಂಪರ್ ಇದ್ರೂ ಒರಸ್ರಿ. ಅಂಗಿ ತುದೀಲೆ ಅಲ್ಲ ಮತ್ತ! ಎಲ್‌ಸಿ ಅನ್ನೂ ಈ ಸಣ್ಣ ಕನೆಕ್ಟರಿಗೆ 1.25 ಮಿಲಿಮೀಟರಿನ ಕ್ಲೀನರ್ ಸಿಗ್ತದ, ಒತ್ತಿದ್ರ ಟಿಕ್ ಅಂತದ. ಪ್ಯಾನೆಲ್‌ನ ಹಿಂದಿನ ಕಡೆ ಕನೆಕ್ಟರನೂ ಬಿಡಬ್ಯಾಡ್ರಿ, ಧೂಳ ಹೆಚ್ಚು ಕೂಡೂದು ಅಲ್ಲೇ.

ಪ್ಯಾಕೆಟ್‌ಪಯಣ
ಹಂತ ಹಂತವಾಗಿ ಮಾಡಿ ನೋಡಿದೆ, ಮುಂದೆ ಯಾರಿಗಾದರೂ ಉಪಯೋಗ ಆಗಲಿ. ಜಂಪರ್ ಬದಲಿಸಿದ ತಕ್ಷಣ −15.9 ಇದ್ದದ್ದು −7.4ಕ್ಕೆ ಬಂತು. ಆಮೇಲೆ ಒಂದು ಕೈಸ್ಕೋಪ್ ತರಿಸಿಕೊಂಡು ಪ್ಯಾನೆಲ್‌ನ ಹಿಂಬದಿಯ ಕನೆಕ್ಟರ್ ನೋಡಿದೆ. ಬೂದು ಬಣ್ಣದ ದುಂಡು ಮುಖ, ನಡುವೆ ಕೋರಿನ ಚುಕ್ಕೆ, ಅದನ್ನು ಅರ್ಧ ಮುಚ್ಚಿಕೊಂಡು ಎಣ್ಣೆಯಂಥ ಕಲೆ, ಸುತ್ತ ಧೂಳಿನ ಕಣಗಳ ಉಂಗುರ. ಕ್ಲೀನರ್ ಎರಡು ಬಾರಿ ಒತ್ತಿದ ಮೇಲೆ ಕಲೆ ಹೋಯಿತು. ಈಗ −5.5. ಎರರ್ ಕೌಂಟರ್ ಸೊನ್ನೆ ಮಾಡಿ ಬಿಟ್ಟಿದ್ದೆ, ಸೊನ್ನೆಯಲ್ಲೇ ನಿಂತಿದೆ. ಎಲ್ಲರಿಗೂ ತುಂಬಾ ಧನ್ಯವಾದ.

ಬೆಳಕಿಂಡಿ
ಬಹಳ ಸಂತೋಷ. ಹಿಂದಿನ 1ಜಿ ಲಿಂಕ್ ಇದೇ ಕೋರಿನಲ್ಲಿ ಹೇಗೆ ಓಡುತ್ತಿತ್ತು ಅಂತ ಯಾರಾದರೂ ಕೇಳುವ ಮೊದಲು ಹೇಳಿಬಿಡುತ್ತೇನೆ: 1ಜಿ ಎಲ್‌ಎಕ್ಸ್ (ಸಿಂಗಲ್ ಮೋಡಿನ 1ಜಿ ಮಾಡ್ಯೂಲ್) ರಿಸೀವರ್ −19, −20ರ ಆಸುಪಾಸಿನವರೆಗೂ ಓದಬಲ್ಲದು. ವೇಗ ಹೆಚ್ಚಾದಷ್ಟೂ ರಿಸೀವರಿಗೆ ಹೆಚ್ಚು ಬೆಳಕು ಬೇಕು. ಹಳೆಯ ಕೊಳೆಯೆಲ್ಲ ಅಪ್‌ಗ್ರೇಡ್ ದಿನವೇ ಬೆಳಕಿಗೆ ಬರುವುದು ಇದರಿಂದ.

ಹಳೇಬೇರು
ಹೌದು, ಅಪ್‌ಗ್ರೇಡ್ ಆದ ಕೂಡಲೇ ಎಲ್ಲರೂ ಹೊಸ ಮಾಡ್ಯೂಲನ್ನೇ ಬೈಯುತ್ತಾರೆ.

ಹಾಗೇ ಇನ್ನೊಂದು ಎಚ್ಚರಿಕೆ. ಒಂದು ತುದಿಯಲ್ಲಿ ಹಳೆಯ 1ಜಿ ಎಲ್‌ಎಕ್ಸ್ ಉಳಿದು, ಇನ್ನೊಂದು ತುದಿಗೆ 10ಜಿ ಎಲ್‌ಆರ್ ಹಾಕಿದರೆ ಎರಡೂ 1310 ಆದ್ದರಿಂದ ರಿಸೀವ್ ಪವರ್ ಚೆನ್ನಾಗಿಯೇ ಕಾಣುತ್ತದೆ, ಲಿಂಕ್ ಮಾತ್ರ ಬರುವುದಿಲ್ಲ. ತಾಮ್ರದಲ್ಲಿ ಎರಡು ಕಡೆಯವು ಮಾತಾಡಿಕೊಂಡು ವೇಗ ಇಳಿಸಿಕೊಳ್ಳುತ್ತವೆ, ಇಲ್ಲಿ ಆ ಮಾತುಕತೆ ಇಲ್ಲ.

ಜೋಡಿನೂಲು
ನಮ್ಮಲ್ಲಿ ಒಂದೇ ಕೋರ್ ಉಳಿದಿದೆ, ಉಳಿದದ್ದೆಲ್ಲ ತುಂಬಿವೆ. ಏನು ಮಾಡಬಹುದು?

ಎಡ್ಜ್‌ಸ್ವಿಚ್
ಬೈಡಿ ಮಾಡ್ಯೂಲ್. ಒಂದೇ ಎಳೆಯಲ್ಲಿ ಹೋಗುವುದು ಒಂದು ತರಂಗಾಂತರ, ಬರುವುದು ಇನ್ನೊಂದು. 10ಜಿಗೆ 1270 ಮತ್ತು 1330. ಜೋಡಿಯಾಗಿಯೇ ಕೊಳ್ಳಬೇಕು: ಒಂದು 1270 ಕಳಿಸಿ 1330 ಪಡೆಯುವಂಥದು, ಇನ್ನೊಂದು ಅದರ ತದ್ವಿರುದ್ಧ. ಎರಡೂ ಒಂದೇ ಥರದ್ದು ತಂದರೆ ಎರಡೂ ಮೂಕ. ಸ್ಪೇರ್ ಇಡುವಾಗಲೂ ಎರಡು ಬಗೆಯದೂ ಇಡಿ.

ಕೋರ್‌ರೂಟರ್
ತಡವಾಗಿ ಬಂದೆ. ಇದೇ ಥರದ ನನ್ನ ಗೋಳು 100ಜಿಯಲ್ಲಿ. ಒಂದು ತುದಿ ಎಲ್‌ಆರ್4, ಇನ್ನೊಂದು ತುದಿ ಸಿಡಬ್ಲ್ಯೂಡಿಎಂ4, ಎರಡೂ ನಾಲ್ಕು ತರಂಗಾಂತರ ಬಳಸುವ ಮಾಡ್ಯೂಲ್. ಎರಡೂ ಕ್ಯೂಎಸ್‌ಎಫ್‌ಪಿ28 (100ಜಿ ಮಾಡ್ಯೂಲಿನ ಆಕಾರ), ಎರಡೂ ಎಲ್‌ಸಿ, ಸಿಂಗಲ್ ಮೋಡ್. ಬೆಳಕು ಬರುತ್ತಿದೆ, ಲಿಂಕ್ ಇಲ್ಲ. ದೂರ 1.2 ಕಿಲೋಮೀಟರ್.

ಬೆಳಕಿಂಡಿ
ಅವೆರಡೂ ಕೂಡುವುದಿಲ್ಲ. ಸಿಡಬ್ಲ್ಯೂಡಿಎಂ4ರ ನಾಲ್ಕು ಬಣ್ಣಗಳು 1271, 1291, 1311, 1331. ಎಲ್‌ಆರ್4ರ ನಾಲ್ಕೂ 1295ರಿಂದ 1310ರೊಳಗೆ ಒತ್ತೊತ್ತಾಗಿವೆ. ಒಟ್ಟು ಪವರ್ ಕಾಣಬಹುದು, ಆದರೆ ನಾಲ್ಕು ಲೇನಿನಲ್ಲಿ (ಒಂದೊಂದು ಬಣ್ಣಕ್ಕೆ ಒಂದು ಲೇನ್) ಸರಿಯಾದದ್ದು ಸರಿಯಾದ ರಿಸೀವರಿಗೆ ಬೀಳುವುದಿಲ್ಲ. ಲೇನ್ ಲೇನಾಗಿ ಅಂಕಿ ತೆಗೆದು ನೋಡಿ. ಅದರ ಮೇಲೆ ಸಿಡಬ್ಲ್ಯೂಡಿಎಂ4ಕ್ಕೆ ಸ್ವಿಚ್ಚಿನಲ್ಲಿ ಆರ್‌ಎಸ್-ಎಫ್‌ಇಸಿ (ಬಿಟ್ ತಪ್ಪುಗಳನ್ನು ತಿದ್ದುವ ವಿಧಾನ) ಆನ್ ಇರಬೇಕು, ಎಲ್‌ಆರ್4 ಅದಿಲ್ಲದೆ ಓಡುವಂಥದು. ಎರಡೂ ಕಡೆ ಒಂದೇ ಬಗೆ ಹಾಕಿ. ಸಿಡಬ್ಲ್ಯೂಡಿಎಂ4 ಎರಡು ಕಿಲೋಮೀಟರ್ ಹೋಗುತ್ತದೆ, ನಿಮ್ಮ ದೂರಕ್ಕೆ ಅದು ಸಾಕು.

ರಾತ್ರಿಪಾಳಿ
ಎಫ್‌ಇಸಿ ಎರಡೂ ತುದಿಯಲ್ಲಿ ಒಂದೇ ಥರ ಇರಬೇಕು, ಆಟೊ ಅಂತ ಬಿಡಬೇಡಿ. ಬೇರೆ ಬೇರೆ ಕಂಪನಿಯ ಸ್ವಿಚ್ ಇದ್ದಾಗ ಆಟೊ ಅಂದರೆ ಇಬ್ಬರಿಗೂ ಬೇರೆ ಬೇರೆ ಅರ್ಥ. 25ಜಿಯಲ್ಲೂ ಇದೇ ಕಾಟ.

ಪ್ಯಾಕೆಟ್‌ಪಯಣ
ಸ್ಪೇರ್ ವಿಷಯ ಕೇಳಬೇಕಿತ್ತು. ಎರಡು ಸ್ವಿಚ್ಚಿಗೆ ಎರಡು ಬಗೆಯ ಕೋಡಿಂಗ್ ಇರುವುದರಿಂದ ಒಂದೊಂದು ಇಟ್ಟರೆ ಸಾಕಲ್ಲವೇ?

ಎಡ್ಜ್‌ಸ್ವಿಚ್
ಸಾಕು. ಚೀಟಿ ಅಂಟಿಸಿ ಇಡಿ, ಹೊರಗಿಂದ ನೋಡಿದರೆ ಎರಡೂ ಒಂದೇ, ಹಿಡಿ ನೀಲಿ. ಧೂಳಿನ ಮುಚ್ಚಳ ತೆಗೆಯಬೇಡಿ.

ಕೋರ್‌ರೂಟರ್
ಎರಡೂ ಕಡೆ ಸಿಡಬ್ಲ್ಯೂಡಿಎಂ4 ಹಾಕಿ, ಆರ್‌ಎಸ್-ಎಫ್‌ಇಸಿ ಕೈಯಾರೆ ಆನ್ ಮಾಡಿದೆ. ಲಿಂಕ್ ಬಂತು, ನಾಲ್ಕೂ ಲೇನ್ −2ರಿಂದ −3ರೊಳಗಿವೆ. ಉಳಿದ ಆ ಎಲ್‌ಆರ್4 ಒಂದನ್ನು ಬೇರೆ ದೂರದ ಲಿಂಕಿಗೆ ಇಟ್ಟುಕೊಂಡಿದ್ದೇನೆ.